ಕಾಲು ಸೆಕೆಂಡಿನ ದೂರ: ವಿಕ್ರಮ್ ಸಾರಾಭಾಯಿ ಮತ್ತು ನಮ್ಮ ತಾಲೂಕಿನ ಡಿಶ್

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಆಡಿಟೋರಿಯಂನಲ್ಲಿ ಒಂದು ಕಂಪನಿಯ ಪ್ರೀ-ಪ್ಲೇಸ್‌ಮೆಂಟ್ ಟಾಕ್ ಇತ್ತು. ಹೆಸರು ಬೇಡ ಬಿಡಿ. ಅವರ ದೊಡ್ಡ ಸಾಹೇಬರು ಎಲ್ಲೋ ಕೂತು ನೇರಪ್ರಸಾರದಲ್ಲಿ ಮಾತಾಡಿದರು. ಬೇರೆ ಬೇರೆ ಕಾಲೇಜುಗಳಲ್ಲಿ ನಮ್ಮ ಹಾಗೇ ಹುಡುಗ ಹುಡುಗಿಯರು ಟೈ ಕಟ್ಟಿಕೊಂಡು ಪರದೆ ನೋಡ್ತಾ ಕೂತಿದ್ದರು. ಕೊನೆಗೆ ಪ್ರಶ್ನೆಗಳಿದ್ದರೆ ಕೇಳಿ ಅಂದರು. ನಮ್ಮವನೊಬ್ಬ ಎದ್ದು, ಮೈಕ್ ಹಿಡಿದು, ಬಾಂಡ್ ಎಷ್ಟು ವರ್ಷ ಅಂತ ನೀಟಾಗಿ ಕೇಳಿದ. ಸಾಹೇಬರು ನಗುತ್ತಲೇ ಇದ್ದರು. ಆಮೇಲೆ ಗೊತ್ತಾಯ್ತು, ಆ ಮೈಕ್ ನಮ್ಮ ಹಾಲಿನ ಸ್ಪೀಕರಿಗೆ ಮಾತ್ರ ಕನೆಕ್ಟ್ ಆಗಿತ್ತು. ಅತ್ತ ಕಡೆಗೆ ಹೋಗೋ ದಾರಿನೇ ಇರಲಿಲ್ಲ.

ಕ್ಯಾಂಟೀನಲ್ಲಿ ಇದನ್ನೇ ಹೇಳಿಕೊಂಡು ನಗುತ್ತಿದ್ದಾಗ ಶಿಡ್ಲಘಟ್ಟ ಕಡೆಯ ಗೆಳೆಯನೊಬ್ಬ, ಇದಕ್ಕಿಂತ ನಮ್ಮಜ್ಜಿ ವಾಸಿ ಕಣ್ರೋ ಅಂದ. ಅವನ ಅಜ್ಜಿ ಇಪ್ಪತ್ತು ವರ್ಷದ ಹಿಂದೆ ಗ್ರಾಮ ಪಂಚಾಯಿತಿ ಸದಸ್ಯೆ. ಆಗಿನ್ನೂ ನಾವು ಕೋಲಾರ ಜಿಲ್ಲೆ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗಿದ್ದು 2007ರಲ್ಲಿ. ತಾಲೂಕು ಪಂಚಾಯಿತಿ ಹಾಲಿನಲ್ಲಿ ಟಿವಿ ಮುಂದೆ ಕೂರಿಸಿ ತರಬೇತಿ ಕೊಡ್ತಿದ್ದರಂತೆ. ಟಿವಿಯಲ್ಲಿ ಮಾತಾಡೋರು ಮೈಸೂರಲ್ಲಿ. ಅಜ್ಜಿ ಫೋನ್ ಎತ್ತಿ ಪ್ರಶ್ನೆ ಕೇಳಿದರೆ ಟಿವಿಯೊಳಗಿಂದ ಉತ್ತರ ಬರ್ತಿತ್ತಂತೆ.

ನಾವು ನಂಬಲಿಲ್ಲ. ಹುಡುಕಿದಾಗ ನಿಜ ಅಂತ ಗೊತ್ತಾಯ್ತು. ಮೈಸೂರಿನ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಯಲ್ಲಿ ಉಪಗ್ರಹ ಸ್ಟುಡಿಯೋ ಇದೆ. ಅಲ್ಲಿಂದ ಹೊರಟ ಕಾರ್ಯಕ್ರಮವನ್ನು ತಾಲೂಕು ಕೇಂದ್ರಗಳ ಡಿಶ್‌ಗಳು ಹಿಡಿಯುತ್ತಿದ್ದವು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಎಲ್ಲ ಕಡೆ ಒಂದೇ ಹೊತ್ತಿಗೆ ಒಂದೇ ಸಭೆ. ಚಿತ್ರ ಒಂದು ದಿಕ್ಕಿಗೆ, ಮಾತು ಎರಡೂ ದಿಕ್ಕಿಗೆ.

ಈ ಐಡಿಯಾ ಎಲ್ಲಿಂದ ಬಂತು ಅಂತ ಹಿಂದಕ್ಕೆ ಹಿಂದಕ್ಕೆ ಹೋದರೆ ಸಿಗೋದು ಒಬ್ಬ ಮನುಷ್ಯ. ಹೆಸರು ನಮಗೆಲ್ಲ ಗೊತ್ತು, ಕ್ವಿಜ್‌ನಲ್ಲಿ ಒಂದು ಮಾರ್ಕಿಗೆ ಬರುತ್ತೆ: ಭಾರತದ ಬಾಹ್ಯಾಕಾಶ ಕಾರ್ಯಕ್ರಮದ ಪಿತಾಮಹ ಯಾರು. ಆ ಒಂದು ಮಾರ್ಕಿನ ಆಚೆ ನಾವೂ ಓದಿರಲಿಲ್ಲ. ಈ ಸಂಚಿಕೆಗೆ ಅಂತ ಓದಿದೆವು.

ವಿಕ್ರಮ್ ಸಾರಾಭಾಯಿ ಹುಟ್ಟಿದ್ದು 1919ರ ಆಗಸ್ಟ್ 12ರಂದು, ಅಹಮದಾಬಾದಿನಲ್ಲಿ. ಅಪ್ಪ ಅಂಬಾಲಾಲ್ ದೊಡ್ಡ ಗಿರಣಿ ಮಾಲೀಕರು, ಅಮ್ಮ ಸರಳಾದೇವಿ. ಎಂಟು ಮಕ್ಕಳ ಮನೆ. ಮಕ್ಕಳನ್ನು ಹೊರಗಿನ ಶಾಲೆಗೆ ಕಳಿಸದೆ ಮನೆಯಲ್ಲೇ ಶಾಲೆ ಮಾಡಿದರು. ದುಡ್ಡಿಗೆ ಬರ ಇರಲಿಲ್ಲ ಅನ್ನೋದನ್ನ ಮುಚ್ಚಿಡೋದು ಬೇಡ. ನಮ್ಮಲ್ಲಿ ಬಹಳ ಜನರಿಗೆ ಸ್ಫೂರ್ತಿಯಾಗೋದು ಬೀದಿ ದೀಪದ ಕೆಳಗೆ ಓದಿದವರ ಕಥೆ. ಇವರದು ಆ ಕಥೆ ಅಲ್ಲ.

ಓದೋಕೆ ಕೇಂಬ್ರಿಡ್ಜ್‌ಗೆ ಹೋದರು. 1940ರಲ್ಲಿ ಡಿಗ್ರಿ ಮುಗಿಯುವಷ್ಟರಲ್ಲಿ ಯುದ್ಧ. ವಾಪಸ್ ಬಂದವರು ಸೇರಿದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು, ಸಿ.ವಿ. ರಾಮನ್ ಅವರ ಕೈಕೆಳಗೆ. ಅದೇ ಯುದ್ಧದ ದೆಸೆಯಿಂದ ಹೋಮಿ ಭಾಭಾ ಕೂಡ ಅಲ್ಲೇ ಇದ್ದರು. ಮುಂದೆ ದೇಶದ ಅಣುಶಕ್ತಿಯನ್ನೂ ಬಾಹ್ಯಾಕಾಶವನ್ನೂ ಕಟ್ಟಿದ ಇಬ್ಬರು ಆ ವರ್ಷಗಳಲ್ಲಿ ಯಶವಂತಪುರದ ಪಕ್ಕದ ಒಂದೇ ಕ್ಯಾಂಪಸ್ಸಿನಲ್ಲಿ ಓಡಾಡಿಕೊಂಡಿದ್ದರು ಅಂದರೆ ಮಜಾ ಅನ್ಸುತ್ತೆ. ಸಾರಾಭಾಯಿ ಹಿಡಿದ ವಿಷಯ ಕಾಸ್ಮಿಕ್ ಕಿರಣಗಳು. ಹೊರಗಿನಿಂದ ಬಂದು ಭೂಮಿಗೆ ಬಡಿಯುವ ಈ ಕಣಗಳ ಎಣಿಕೆ ಹೊತ್ತು ಹೊತ್ತಿಗೆ ಹೇಗೆ ಬದಲಾಗುತ್ತೆ ಅಂತ ಗೈಗರ್ ಕೌಂಟರ್ ಇಟ್ಟುಕೊಂಡು ಲೆಕ್ಕ ಹಾಕೋದು. ಮೊದಲ ಪ್ರಬಂಧ 1942ರಲ್ಲಿ ಪ್ರಕಟವಾಯ್ತು. ಅದೇ ವರ್ಷ ನೃತ್ಯಗಾರ್ತಿ ಮೃಣಾಲಿನಿಯವರ ಜೊತೆ ಮದುವೆ. ಇಬ್ಬರ ಪರಿಚಯ ಬೆಳೆದದ್ದೂ ಬೆಂಗಳೂರಲ್ಲೇ.

ಯುದ್ಧ ಮುಗಿದ ಮೇಲೆ ಮತ್ತೆ ಕೇಂಬ್ರಿಡ್ಜ್, 1947ರಲ್ಲಿ ಪಿಎಚ್‌ಡಿ, ವಾಪಸ್ ಅಹಮದಾಬಾದ್. ಅದೇ ನವೆಂಬರಿನಲ್ಲಿ ಫಿಸಿಕಲ್ ರಿಸರ್ಚ್ ಲ್ಯಾಬೊರೇಟರಿ ಶುರು. ಇಪ್ಪತ್ತೆಂಟು ವರ್ಷದ ಹುಡುಗ ಲ್ಯಾಬ್ ಕಟ್ಟಿದ ಅನ್ನೋದು ಸರಿ, ಆದರೆ ನಮಗೆ ಹೆಚ್ಚು ಹಿಡಿಸಿದ್ದು ಅದೇ ವರ್ಷ ಶುರುವಾದ ಇನ್ನೊಂದು ಕೆಲಸ. ಅಹಮದಾಬಾದಿನ ಬಟ್ಟೆ ಗಿರಣಿಗಳೆಲ್ಲ ಸೇರಿ ನಡೆಸುವ ಒಂದು ಸಂಶೋಧನಾ ಸಂಸ್ಥೆ, ಹೆಸರು ಅಟಿರಾ. ಸಾರಾಭಾಯಿ ಜವಳಿ ಎಂಜಿನಿಯರಿಂಗ್ ಓದಿದವರೇ ಅಲ್ಲ. ಒಂದು ಗಿರಣಿಗೆ ಇನ್ನೊಂದು ಗಿರಣಿ ಹಗೆ. ಅಂಥವರನ್ನೆಲ್ಲ ಒಂದು ಮೇಜಿನ ಸುತ್ತ ಕೂರಿಸಿ, ನಿಮ್ಮ ನಿಮ್ಮ ಅಂಕಿ ಅಂಶ ಹಂಚಿಕೊಳ್ಳಿ ಅನ್ನಬೇಕಿತ್ತು. ನೂಲಿನ ಸಮಸ್ಯೆಗಿಂತ ದೊಡ್ಡದು ಆ ಸಭೆಯ ಸಮಸ್ಯೆ.

ಇದನ್ನ ಯಾಕೆ ಎಳೆದು ಹೇಳ್ತಿದ್ದೀವಿ ಅಂದರೆ, ಇವರನ್ನು ಬರೀ ರಾಕೆಟ್ ಮನುಷ್ಯ ಅಂತ ನೋಡಿದರೆ ಅರ್ಧ ಕಥೆ ಬಿಟ್ಟುಹೋಗುತ್ತೆ. ಬರೋಡಾದಲ್ಲಿ ಸಾರಾಭಾಯಿ ಕೆಮಿಕಲ್ಸ್ ಕಂಪನಿ ನಡೆಸಿದರು. 1960ರಲ್ಲಿ ಮಾರುಕಟ್ಟೆಯ ಅಧ್ಯಯನಕ್ಕೆ ಅಂತ ಆಪರೇಷನ್ಸ್ ರಿಸರ್ಚ್ ಗ್ರೂಪ್ ಹುಟ್ಟುಹಾಕಿದರು. 1961ರಲ್ಲಿ ಶುರುವಾದ ಅಹಮದಾಬಾದಿನ ಐಐಎಂ ಹಿಂದೆ ಅವರೇ. ಈಗ ಕ್ಯಾಟ್ ಬರೆಯೋ ನಮ್ಮ ಸೀನಿಯರ್‌ಗಳು ಅಲ್ಲೊಂದು ಸೀಟಿಗೆ ಹರಕೆ ಹೊರುತ್ತಾರಲ್ಲ, ಅದೇ. ಬೋರ್ಡ್ ರೂಮ್, ಲ್ಯಾಬ್, ಕ್ಲಾಸ್‌ರೂಮ್, ಮೂರೂ ಕಡೆ ಕೂತು ಎದ್ದ ಮನುಷ್ಯ. ದೂರದೂರ ಇರುವ ಜನಕ್ಕೆ ಒಂದೇ ವಿಷಯ ಒಂದೇ ಸಲ ತಲುಪಿಸೋದು ಎಷ್ಟು ಕಷ್ಟ ಅಂತ ಕಂಪನಿ ನಡೆಸಿದವರಿಗೆ ಗೊತ್ತಿರುತ್ತೆ. ಉಪಗ್ರಹದ ಬಗ್ಗೆ ಅವರು ಮುಂದೆ ಯೋಚಿಸಿದ ರೀತಿಯಲ್ಲಿ ಈ ಅನುಭವದ ಪಾಲು ಇದೆ ಅಂತ ನಮಗನ್ನಿಸುತ್ತೆ.

ತುಂಬಾ ಕಥೆಯನ್ನ ಬೇಗ ದಾಟೋಣ, ವಾಟ್ಸಾಪ್ ಫಾರ್ವರ್ಡಲ್ಲಿ ಎಲ್ಲರೂ ನೋಡಿದ್ದೀರಿ: ಕೇರಳದ ಕಡಲ ದಂಡೆ, ಚರ್ಚೇ ಆಫೀಸು, ಸೈಕಲ್ ಮೇಲೆ ರಾಕೆಟ್ ಭಾಗ. 1963ರ ನವೆಂಬರ್ 21ರಂದು ಅಲ್ಲಿಂದ ಮೊದಲ ರಾಕೆಟ್ ಹಾರಿತು. ಅಮೆರಿಕದಲ್ಲಿ ಮಾಡಿದ ಪುಟ್ಟ ನೈಕಿ-ಅಪಾಚೆ ಅದು.

1966ರ ಜನವರಿಯಲ್ಲಿ ಭಾಭಾ ವಿಮಾನ ಅಪಘಾತದಲ್ಲಿ ತೀರಿಹೋದರು. ಮೇ ತಿಂಗಳಲ್ಲಿ ಅಣುಶಕ್ತಿ ಆಯೋಗದ ಅಧ್ಯಕ್ಷಗಿರಿ ಸಾರಾಭಾಯಿ ಹೆಗಲಿಗೆ ಬಿತ್ತು. ಇಲ್ಲಿ ನಮ್ಮ ಜಿಲ್ಲೆಯೂ ಕಥೆಯೊಳಗೆ ಬರುತ್ತೆ. ಜಗತ್ತಿನ ಎಲ್ಲೇ ಅಣುಬಾಂಬ್ ಪರೀಕ್ಷೆ ಆದರೂ ನೆಲದ ನಡುಕದಿಂದ ಪತ್ತೆ ಹಚ್ಚೋಕೆ ಅಂತ ಅಣುಶಕ್ತಿ ಇಲಾಖೆ 1965ರಲ್ಲಿ ಗೌರಿಬಿದನೂರಿನಲ್ಲಿ ಭೂಕಂಪಮಾಪಕಗಳ ಒಂದು ಸಾಲನ್ನೇ ಹೂಡಿತ್ತು. ಹೊಲ ಗುಡ್ಡಗಳ ನಡುವೆ ಚದುರಿದ ಆ ಮಾಪಕಗಳು ತಾವು ಕೇಳಿದ್ದನ್ನು ರೇಡಿಯೋ ಮೂಲಕ ಒಂದು ಕೇಂದ್ರಕ್ಕೆ ಕಳಿಸುತ್ತವೆ. ಅಂದರೆ ಬಹಳ ಕಡೆಯಿಂದ ಒಂದು ಕಡೆಗೆ. ಸಾರಾಭಾಯಿ ಅಧಿಕಾರ ವಹಿಸಿಕೊಂಡಾಗ ಅದೂ ಅವರ ಇಲಾಖೆಯ ಒಂದು ಮೂಲೆ. ಅವರ ತಲೆಯಲ್ಲಿ ಆಗ ಓಡುತ್ತಿದ್ದದ್ದು ಅದರ ಉಲ್ಟಾ: ಒಂದು ಕಡೆಯಿಂದ ಬಹಳ ಕಡೆಗೆ.

ಆ ಕಾಲ ನೆನೆಸಿಕೊಳ್ಳಿ. ಇಡೀ ದೇಶದಲ್ಲಿ ಟಿವಿ ಇದ್ದದ್ದು ದೆಹಲಿಯಲ್ಲಿ ಮಾತ್ರ. ಮುಂಬಯಿಗೆ ಬಂದದ್ದೇ 1972ರಲ್ಲಿ, ಬೆಂಗಳೂರಿಗೆ 1981ರಲ್ಲಿ. ನೆಲದ ಮೇಲೆ ಟವರ್ ನೆಡುತ್ತಾ ಹೋದರೆ ಮೊದಲು ಮಹಾನಗರ, ಆಮೇಲೆ ನಗರ, ಆಮೇಲೆ ಪಟ್ಟಣ. ಹಳ್ಳಿಯ ಸರದಿ ಬರೋದು ಯಾವಾಗಲೋ. ಉಪಗ್ರಹ ಈ ಸರದಿಯನ್ನೇ ಕಿತ್ತುಹಾಕುತ್ತೆ. ಸಮಭಾಜಕದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ಜೊತೆಜೊತೆಗೇ ಸುತ್ತುತ್ತಾ ನಿಂತಂತೆ ಕಾಣುವ ಒಂದು ಉಪಗ್ರಹಕ್ಕೆ ದೆಹಲಿಯೂ ಒಂದೇ, ದಿಬ್ಬೂರಹಳ್ಳಿಯೂ ಒಂದೇ. ಹತ್ತು ಡಿಶ್ ಹಿಡಿದರೂ ಹತ್ತು ಸಾವಿರ ಡಿಶ್ ಹಿಡಿದರೂ ಮೇಲಿಂದ ಕಳಿಸುವ ಖರ್ಚು ಅಷ್ಟೇ. ನಮ್ಮ ಇಂಟರ್ನೆಟ್ಟಿನ ಲೆಕ್ಕ ಬೇರೆ: ಸಾಮಾನ್ಯವಾಗಿ ಪ್ರತಿ ನೋಡುಗನಿಗೂ ಬೇರೆ ಪ್ರತಿ ಹೋಗಬೇಕು. ಹಾಸ್ಟೆಲಲ್ಲಿ ಐಪಿಎಲ್ ಫೈನಲ್ ದಿನ ವೈಫೈ ಏನಾಗುತ್ತೆ ಅಂತ ಬೇರೆ ಹೇಳಬೇಕಿಲ್ಲ.

ಆದರೆ ಲೆಕ್ಕ ಚೆನ್ನಾಗಿದ್ದ ಮಾತ್ರಕ್ಕೆ ಜನ ಒಪ್ಪಲ್ಲ. ಊಟಕ್ಕೇ ಧಾನ್ಯ ಆಮದು ಮಾಡಿಕೊಳ್ಳುತ್ತಿದ್ದ ದೇಶ, ಟಿವಿ ಯಾಕೆ ಅಂತ ಕೇಳೋದು ಸಹಜ. ಸಾರಾಭಾಯಿ ಮೊದಲು ಸಣ್ಣದಾಗಿ ಮಾಡಿ ತೋರಿಸಿದರು. 1967ರ ಜನವರಿ 26ರಂದು ದೆಹಲಿ ಸುತ್ತಮುತ್ತಲ 80 ಹಳ್ಳಿಗಳಲ್ಲಿ ಸಮುದಾಯ ಟಿವಿ ಇಟ್ಟು ಕೃಷಿ ದರ್ಶನ ಶುರುವಾಯ್ತು. ಅದರ ಹಿಂದೆ ಅವರ ಒತ್ತಾಯ ಇತ್ತು. ಅದೇ ಸುಮಾರಿಗೆ ಅಹಮದಾಬಾದಿನಲ್ಲಿ ಉಪಗ್ರಹ ಸಂಪರ್ಕದ ಪ್ರಾಯೋಗಿಕ ಭೂಕೇಂದ್ರ ಬಂತು. 1969ರ ಆಗಸ್ಟ್ 15ಕ್ಕೆ ಇಸ್ರೋ. ಅದಾದ ಮುಂದಿನ ತಿಂಗಳೇ ಅಮೆರಿಕದ ನಾಸಾ ಜೊತೆ ಒಪ್ಪಂದ: ಅವರ ಒಂದು ಉಪಗ್ರಹವನ್ನು ಒಂದು ವರ್ಷ ನಮಗೆ ಬಿಟ್ಟುಕೊಡುತ್ತಾರೆ, ನಾವು ಅದರಿಂದ ನೇರವಾಗಿ ಹಳ್ಳಿಗಳಿಗೆ ಟಿವಿ ತೋರಿಸುತ್ತೇವೆ. ಆ ಮಟ್ಟದಲ್ಲಿ ಅದನ್ನ ಅಲ್ಲಿಯವರೆಗೆ ಯಾವ ದೇಶವೂ ಮಾಡಿರಲಿಲ್ಲ. ಸ್ವಂತ ಉಪಗ್ರಹ ಇಲ್ಲದ, ಟಿವಿಯೂ ಸರಿಯಾಗಿ ಇಲ್ಲದ ದೇಶ ಹೋಗಿ ಈ ಒಪ್ಪಂದ ಮಾಡಿಕೊಂಡು ಬಂತು. ಭಂಡಧೈರ್ಯ ಅಂದರೂ ತಪ್ಪಿಲ್ಲ.

ಅವರ ಮೇಲೆ ಟೀಕೆಗಳೂ ಇದ್ದವು. ಅಣುಶಕ್ತಿ, ಬಾಹ್ಯಾಕಾಶ, ಮನೆಯ ಕಂಪನಿಗಳು, ಡಜನ್ನುಗಟ್ಟಲೆ ಸಂಸ್ಥೆಗಳು, ಎಲ್ಲವನ್ನೂ ಒಬ್ಬರೇ ಹೊತ್ತುಕೊಂಡರು. ಈಗಿನ ಮ್ಯಾನೇಜ್‌ಮೆಂಟ್ ಕ್ಲಾಸಿನಲ್ಲಿ ಇದನ್ನ ಒಳ್ಳೆ ಮಾದರಿ ಅಂತ ಹೇಳಿಕೊಡಲ್ಲ. ಐಐಎಂ ಕಟ್ಟಿದವರೇ ಹೀಗೆ ಮಾಡಿದರಲ್ಲ ಅಂತ ನಮಗೆ ಸೋಜಿಗ.

1971ರ ಡಿಸೆಂಬರ್ ಕೊನೆಗೆ ಕೆಲಸದ ಮೇಲೆ ತುಂಬಾಗೆ ಹೋದವರು ಕೋವಳಂನಲ್ಲಿ ಉಳಿದುಕೊಂಡಿದ್ದರು. 30ರ ಬೆಳಗ್ಗೆ ಏಳಲಿಲ್ಲ. ವಯಸ್ಸು 52. ಆ ಸಾವಿನ ಬಗ್ಗೆ ಯೂಟ್ಯೂಬಲ್ಲಿ ನೂರೆಂಟು ಕಥೆ ಇವೆ, ಅವಕ್ಕೆ ಇಲ್ಲಿ ಜಾಗ ಇಲ್ಲ. ನಮಗೆ ಕಾಡಿದ್ದು ಬೇರೆ. ಆ ದಿನಕ್ಕೆ ಒಪ್ಪಂದ ಕಾಗದದ ಮೇಲಿತ್ತು, ಉಪಗ್ರಹ ಇನ್ನೂ ನೆಲದ ಮೇಲಿತ್ತು. ಒಂದೇ ಒಂದು ಹಳ್ಳಿಯ ಪರದೆ ಕೂಡ ಉಪಗ್ರಹದಿಂದ ಬೆಳಗಿದ್ದನ್ನು ಅವರು ನೋಡಲಿಲ್ಲ.

ಜೀವನಚರಿತ್ರೆಗಳು ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತವೆ. ಇದು ಮುಗಿಯಲ್ಲ. ಸತೀಶ್ ಧವನ್ ಬಂದರು, ಇಸ್ರೋ ಕೇಂದ್ರ ಕಚೇರಿ ಬೆಂಗಳೂರಿಗೆ ಬಂತು. ಅಹಮದಾಬಾದಿನಲ್ಲಿ ಸಾರಾಭಾಯಿ ಅವರ ಬಳಿ ಪಿಎಚ್‌ಡಿ ಮಾಡಿದ ನಮ್ಮ ಉಡುಪಿ ಕಡೆಯ ಯು.ಆರ್. ರಾವ್ ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟ ಕಟ್ಟಿಸಿದರು. ನಾಸಾದ ಆ ಉಪಗ್ರಹ, ಎಟಿಎಸ್-6, 1974ರ ಮೇನಲ್ಲಿ ಹಾರಿತು. ಒಂದು ವರ್ಷ ಅಮೆರಿಕದ ಕೆಲಸ ಮುಗಿಸಿ ಪೂರ್ವಕ್ಕೆ ಸರಿದು ಬಂತು. 1975ರ ಆಗಸ್ಟ್ 1ರಂದು ಸೈಟ್ ಪ್ರಯೋಗ ಶುರು.

ಇಸಿ ಬ್ರಾಂಚಿನವರು ಇಲ್ಲಿ ಸ್ವಲ್ಪ ಕಿವಿಗೊಡಿ. ಆಂಟೆನಾ ಗೇನ್ ಎಲ್ಲಿ ಹಾಕಬೇಕು ಅನ್ನೋದೇ ಪ್ರಶ್ನೆ. ಮೇಲೆ ಸಣ್ಣ ಆಂಟೆನಾ ಇಟ್ಟರೆ ಕೆಳಗೆ ಪ್ರತಿ ಊರಲ್ಲೂ ದೈತ್ಯ ಡಿಶ್ ಬೇಕು. ಎಟಿಎಸ್-6 ಮೇಲೆ ಹೋಗಿ ಕೊಡೆಯ ಹಾಗೆ ಬಿಚ್ಚಿಕೊಳ್ಳುವ 9 ಮೀಟರ್ ಆಂಟೆನಾ ಇತ್ತು. ಹಾಗಾಗಿ ಕೆಳಗೆ ಕೋಳಿಗೂಡಿಗೆ ಹಾಕೋ ಥರದ ತಂತಿ ಜಾಲರಿಯ 3 ಮೀಟರ್ ಡಿಶ್ ಸಾಕಾಯ್ತು. 860 ಮೆಗಾಹರ್ಟ್ಸ್‌ನಲ್ಲಿ ಜಾಲರಿಯ ತೂತು ತರಂಗಕ್ಕೆ ಲೆಕ್ಕಕ್ಕೇ ಇಲ್ಲ, ಗಾಳಿ ಮಾತ್ರ ಸಲೀಸಾಗಿ ಹಾದುಹೋಗುತ್ತೆ. ಸೆಟ್ಟುಗಳನ್ನು ಮಾಡಿದ್ದು ಹೈದರಾಬಾದಿನ ಇಸಿಐಎಲ್. ಆರು ರಾಜ್ಯ, 20 ಜಿಲ್ಲೆ, ಸುಮಾರು 2,400 ಹಳ್ಳಿ. ಕರ್ನಾಟಕದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ. ದಕ್ಷಿಣದ ಹಳ್ಳಿಗಳಿಗೆ ಚಿತ್ರ ಒಂದೇ, ಧ್ವನಿ ಎರಡು: ಕನ್ನಡ, ತೆಲುಗು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಮಾತಾಡೋ ಚಿಂತಾಮಣಿಯ ನಮ್ಮ ಗೆಳೆಯರಿಗೆ ಇದನ್ನ ಹೇಳಿದಾಗ, ನಮ್ಮೂರಿಗೇ ಹೇಳಿ ಮಾಡಿಸಿದ ಹಾಗಿತ್ತಲ್ಲೋ, ಕೋಲಾರ ಜಿಲ್ಲೆಯನ್ನ ಯಾಕೆ ಬಿಟ್ಟರು ಅಂತ ಬೇಜಾರು ಮಾಡಿಕೊಂಡರು.

ಸಂಜೆ ಬಯಲಲ್ಲಿ ಕೂತು ಊರಿಗೆ ಊರೇ ಟಿವಿ ನೋಡೋದು, ಬೆಳಗ್ಗೆ ಶಾಲೆ ಮಕ್ಕಳು ನೋಡೋದು ಎಲ್ಲ ಸರಿ. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಇನ್ನೊಂದು. ಆ ವರ್ಷ ಎರಡು ಸುತ್ತಿನಲ್ಲಿ ಅರ್ಧ ಲಕ್ಷದ ಹತ್ತಿರ ಪ್ರಾಥಮಿಕ ಶಾಲೆ ಶಿಕ್ಷಕರಿಗೆ ವಿಜ್ಞಾನ ಕಲಿಸುವ ತರಬೇತಿ ಉಪಗ್ರಹದ ಮೂಲಕ ನಡೆಯಿತು. ಅವರನ್ನೆಲ್ಲ ಒಂದೂರಿಗೆ ಕರೆಸಿ ಊಟ, ವಸತಿ, ಬಸ್‌ಚಾರ್ಜು ಕೊಟ್ಟು ಕೂರಿಸಿದರೆ ಎಷ್ಟಾಗ್ತಿತ್ತು? ಈಗಿನ ಕಂಪನಿಗಳು ವಾರ್ಷಿಕ ಸಭೆಗೂ ಹೊಸ ಪ್ರಾಡಕ್ಟ್ ಬಿಡುಗಡೆಗೂ ಉಪಗ್ರಹ ಪ್ರಸಾರ ಮಾಡೋದು ಇದೇ ಲೆಕ್ಕದ ಮೇಲೆ. ಸಭಾಂಗಣದ ಹೊರಗೆ ಅಪ್‌ಲಿಂಕ್ ವ್ಯಾನ್ ನಿಲ್ಲುತ್ತೆ, ಟ್ರಾನ್ಸ್‌ಪಾಂಡರ್ ಸಮಯವನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಪಡೀತಾರೆ, ಪ್ರತಿಸ್ಪರ್ಧಿ ನೋಡಬಾರದು ಅಂತ ಸಿಗ್ನಲನ್ನು ಗೂಢಲಿಪಿ ಮಾಡ್ತಾರೆ, ಶಾಖೆಗಳಲ್ಲಿ ಡಿಶ್ ಇಟ್ಟು ಬಿಡಿಸಿಕೊಳ್ಳುತ್ತಾರೆ. ಕೆಯು ಬ್ಯಾಂಡ್ ಆದರೆ ಡಿಶ್ ಚಿಕ್ಕದು, ಆದರೆ ಜೋರು ಮಳೆ ಬಂದರೆ ಚಿತ್ರ ಹೋಯ್ತು. ಸಿ ಬ್ಯಾಂಡ್ ಮಳೆಗೆ ಅಷ್ಟಾಗಿ ಹೆದರಲ್ಲ, ಡಿಶ್ ಮಾತ್ರ ಭಾರಿ. ಷೇರುಪೇಟೆ ಕೂಡ ಇದೇ ದಾರಿ ಹಿಡಿಯಿತು. 1994ರಲ್ಲಿ ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್ ಊರೂರಿನ ದಲ್ಲಾಳಿಗಳನ್ನು ಜೋಡಿಸಿದ್ದು ಪುಟ್ಟ ಉಪಗ್ರಹ ಡಿಶ್‌ಗಳಿಂದ.

ಹಾಗಂತ ಸೈಟ್ ಪೂರ್ತಿ ಗೆಲುವು ಅಂತ ಬರೆದರೆ ಸುಳ್ಳಾಗುತ್ತೆ. 1976ರ ಜುಲೈ 31ಕ್ಕೆ ವರ್ಷ ಮುಗಿಯಿತು, ನಾಸಾ ತನ್ನ ಉಪಗ್ರಹ ವಾಪಸ್ ಎಳೆದುಕೊಂಡಿತು. ಬಹಳಷ್ಟು ಹಳ್ಳಿಗಳ ಪರದೆ ಕತ್ತಲಾಯ್ತು. ರುಚಿ ತೋರಿಸಿ ತಟ್ಟೆ ಕಿತ್ತುಕೊಂಡ ಹಾಗೆ. ಇನ್ನೊಂದು ಕೊರತೆ ನಮ್ಮ ಆಡಿಟೋರಿಯಂನದ್ದೇ: ನೋಡುವವರು ತಿರುಗಿ ಮಾತಾಡುವ ಹಾಗಿರಲಿಲ್ಲ. ಕಲಬುರಗಿಯ ರೈತನಿಗೆ ಟಿವಿಯಲ್ಲಿ ಹೇಳಿದ ಗೊಬ್ಬರ ತನ್ನ ಕಪ್ಪು ನೆಲಕ್ಕೆ ಆಗುತ್ತಾ ಅಂತ ಕೇಳಬೇಕಿದ್ದರೆ ಕೇಳೋದು ಯಾರನ್ನ? ಸಮೀಕ್ಷೆ ಮಾಡೋಕೆ ಬಂದ ಸಮಾಜಶಾಸ್ತ್ರಜ್ಞರನ್ನೇ ಕೇಳಬೇಕಿತ್ತು. ಉಪಗ್ರಹ ಹಳ್ಳಿ ಹಳ್ಳಿಗೆ ಬಾಯಿ ತಂದಿತು, ಕಿವಿ ತರಲಿಲ್ಲ.

ಕಿವಿ ಬರೋಕೆ ಇನ್ನೂ ಹೊತ್ತು ಹಿಡೀತು. 1981ರಲ್ಲಿ ಆಪಲ್ ಉಪಗ್ರಹ, ಬೆಂಗಳೂರಲ್ಲಿ ಎತ್ತಿನ ಗಾಡಿ ಮೇಲೆ ಕೂತ ಆ ಫೋಟೋದ್ದು. 1983ರಲ್ಲಿ ಇನ್ಸಾಟ್-1ಬಿ. 1995ರಲ್ಲಿ ಇಸ್ರೋ ತರಬೇತಿಗೆ ಅಂತಲೇ ಒಂದು ಪ್ರತ್ಯೇಕ ಉಪಗ್ರಹ ಚಾನೆಲ್ ತೆರೆಯಿತು. ಅದರಲ್ಲಿ ವಾಪಸ್ ದಾರಿ ಇತ್ತು, ಸಾಧಾರಣ ಫೋನ್ ಲೈನು. ಕರ್ನಾಟಕ ಅದನ್ನು ಚೆನ್ನಾಗಿಯೇ ಬಳಸಿಕೊಂಡಿತು. 2004ರ ಸೆಪ್ಟೆಂಬರಿನಲ್ಲಿ ಎಡುಸ್ಯಾಟ್ ಹಾರಿದಾಗ ಅದರ ಪೂರ್ವಪ್ರಯೋಗಕ್ಕೆ ಆರಿಸಿಕೊಂಡ ವಿಶ್ವವಿದ್ಯಾಲಯಗಳಲ್ಲಿ ನಮ್ಮ ವಿಟಿಯು ಒಂದು. ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯವರ ಹೆಸರು ಹೊತ್ತ ವಿಶ್ವವಿದ್ಯಾಲಯ. ಯೂಟ್ಯೂಬ್ ಬರೋ ಮುಂಚೆ ನಮ್ಮ ಸೀನಿಯರ್‌ಗಳ ಸೀನಿಯರ್‌ಗಳು ಉಪಗ್ರಹದಲ್ಲಿ ಪಾಠ ಕೇಳಿ, ಅತ್ತಲಿನ ಮೇಷ್ಟ್ರಿಗೆ ಡೌಟ್ ಕೇಳಿದ್ದಾರೆ. ಕೇಳಿದವರು ಎಷ್ಟು ಜನ, ಹಿಂದಿನ ಬೆಂಚಲ್ಲಿ ನಿದ್ದೆ ಹೊಡೆದವರು ಎಷ್ಟು ಜನ ಅನ್ನೋದು ಬೇರೆ ವಿಷಯ.

ಇಷ್ಟೆಲ್ಲ ಓದಿದ ಮೇಲೆ ಒಂದು ಭಾನುವಾರ ಗೆಳೆಯನ ಮನೆಗೆ ಹೋದೆವು. ಶಿಡ್ಲಘಟ್ಟದಿಂದ ಸ್ವಲ್ಪ ಒಳಗೆ, ಸುತ್ತ ಹಿಪ್ಪುನೇರಳೆ ತೋಟ. ಅಜ್ಜಿ ಹುಳಕ್ಕೆ ಸೊಪ್ಪು ಹಾಕಿ ಬಂದು ಕೂತರು. ಸಾರಾಭಾಯಿ ಹೆಸರು ಅವರಿಗೆ ಗೊತ್ತಿಲ್ಲ. ಆ ದಿನ ಮಾತ್ರ ಚೆನ್ನಾಗಿ ನೆನಪಿದೆ. ಹಾಲಿನ ತುಂಬಾ ಸದಸ್ಯರು, ಮುಂದಿನ ಸಾಲಲ್ಲಿ ಗಂಡಸರು. ಪರದೆಯಲ್ಲಿ ಮೈಸೂರಿನವರು ಪಂಚಾಯಿತಿ ಕೆಲಸದ ಬಗ್ಗೆ ಹೇಳ್ತಿದ್ದರು. ಪ್ರಶ್ನೆ ಇದೆಯಾ ಅಂದಾಗ ಯಾರೂ ಏಳಲಿಲ್ಲ. ಅಜ್ಜಿ ಎದ್ದು ಹೋಗಿ ಫೋನ್ ತಗೊಂಡರು. ಬೋರ್‌ವೆಲ್ ನೀರು ಹಲ್ಲು ಹಳದಿ ಮಾಡ್ತಿದೆ, ಬೇರೆ ನೀರಿಗೆ ದುಡ್ಡು ಬರೆಸೋಕೆ ಸದಸ್ಯೆಗೆ ಹಕ್ಕಿದೆಯಾ, ಇಲ್ಲ ಅಧ್ಯಕ್ಷರನ್ನೇ ಕೇಳಬೇಕಾ ಅಂತ ಕೇಳಿದರು. ಅಧ್ಯಕ್ಷರು ಅದೇ ಹಾಲಲ್ಲಿ ಕೂತಿದ್ದರು.

ಕೇಳ್ತಿದ್ದ ಹಾಗೇ ಅವರದೇ ದನಿ ಟಿವಿಯಿಂದ ವಾಪಸ್ ಬಂತಂತೆ, ಸ್ವಲ್ಪ ತಡವಾಗಿ, ಅಣಕಿಸಿದ ಹಾಗೆ. ನಾವು ಹೇಳಿದೆವು: ಅಜ್ಜಿ, ಮಾತು ತಂತಿಯಲ್ಲಿ ಮೈಸೂರಿಗೆ ಹೋಗಿ, ಅಲ್ಲಿಂದ 36,000 ಕಿಲೋಮೀಟರ್ ಮೇಲೆ, ಮತ್ತೆ ಅಷ್ಟೇ ಕೆಳಗೆ. ಬೆಳಕಿನ ವೇಗದಲ್ಲಿ ಹೋದರೂ ಕಾಲು ಸೆಕೆಂಡ್ ಬೇಕು. ಅಜ್ಜಿಗೆ ಆ ಲೆಕ್ಕ ಬೇಕಿರಲಿಲ್ಲ. ದನಿ ಎರಡೆರಡು ಸಲ ಕೇಳಿ ಗೊಂದಲ ಆಗುತ್ತೆ, ಟಿವಿ ಸೌಂಡ್ ಕಮ್ಮಿ ಮಾಡಿ ಅಂತ ಹಾಲಿನ ಉಸ್ತುವಾರಿಯವರು ಓಡಿ ಬಂದರಂತೆ. ಅಜ್ಜಿ ಬೇಡ ಅಂತ ಕೈ ತೋರಿಸಿದರು. ಜೋರಾಗೇ ಇರಲಿ, ಚಿಂತಾಮಣಿಯವರಿಗೂ ಗೌರಿಬಿದನೂರಿನವರಿಗೂ ಕೇಳಿಸ್ತಿದೆ ಅಲ್ವಾ ಅಂತ ಕೇಳಿ, ಪ್ರಶ್ನೆಯನ್ನ ಮೊದಲಿಂದ ಇನ್ನೊಂದು ಸಲ ಹೇಳಿದರು.